ಪೋಹುಟುಕಾವದ ಚಿಗುರಿನಲ್ಲಿ ಹಳದಿ ಪುಡಿ: ಮರವನ್ನು ಕಡಿಸಬೇಕೇ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು, ಆಕ್ಲೆಂಡ್‌ಗೆ ಬಂದು ಕೆಲವು ವರ್ಷಗಳಾದವು. ಈ ಬೇಸಿಗೆಯಲ್ಲಿ ನಾರ್ತ್ ಶೋರ್‌ನಲ್ಲಿ, ಕಡಲಂಚಿನ ದಿಬ್ಬದ ಮೇಲಿರುವ ಒಂದು ಹಳೆಯ ಮನೆ ಕೊಂಡೆವು. ಹಿತ್ತಲಿನಲ್ಲಿ ದೊಡ್ಡದೊಂದು ಪೋಹುಟುಕಾವ ಮರವಿದೆ. ಮನೆ ಮಾರುವ ಮುನ್ನ, ಡಿಸೆಂಬರ್‌ನಲ್ಲಿ, ಸಮುದ್ರ ಚೆನ್ನಾಗಿ ಕಾಣಲಿ ಎಂದು ಹಿಂದಿನ ಮಾಲೀಕರು ಅದರ ಕೆಲವು ದಪ್ಪ ಕೊಂಬೆಗಳನ್ನು ಕಡಿಸಿದ್ದರಂತೆ. ಈಗ ಮಾರ್ಚ್‌ನಲ್ಲಿ, ಕಡಿದ ಜಾಗಗಳಿಂದ ಬಂದ ಚಿಗುರಿನ ಮೇಲೆ ಅರಿಸಿನದ ಬಣ್ಣದ ಪುಡಿ ಕಾಣಿಸಿಕೊಂಡಿದೆ. ಚಿಗುರು ಮುರುಟಿ ಒಣಗುತ್ತಿದೆ. ಹವಾಯಿಗೆ ಪ್ರವಾಸ ಹೋಗಿ ಬಂದ ನನ್ನ ಭಾವ, ಅಲ್ಲಿ ಇದೇ ಜಾತಿಯ ಮರಗಳು ಕೆಲವೇ ವಾರಗಳಲ್ಲಿ ಸಾಯುತ್ತಿವೆ ಎಂದು ಹೇಳಿ ನಮ್ಮನ್ನು ಹೆದರಿಸಿದ್ದಾರೆ. ಪಕ್ಕದ ಮನೆಯವರು, "ಬೇರು ಪೈಪ್ ಒಡೆಯುತ್ತದೆ, ಹೇಗೂ ರೋಗ ಬಂದಿದೆ, ತೆಗೆಸಿಬಿಡಿ" ಎನ್ನುತ್ತಾರೆ. ಇನ್ನೊಬ್ಬರು, "ಪೋಹುಟುಕಾವ ಮುಟ್ಟಿದರೆ ದಂಡ ಬೀಳುತ್ತದೆ" ಎನ್ನುತ್ತಾರೆ. ಊರಿನಲ್ಲಿ ಕಾಫಿ ತೋಟ ನೋಡಿಕೊಳ್ಳುವ ಅಪ್ಪ ಫೋಟೊ ನೋಡಿ, "ಇದು ತುಕ್ಕು ರೋಗವೇ, ಬೋರ್ಡೋ ಹೊಡೆಸು" ಎಂದರು. ಮರದಿಂದ ಬಿಳಲುಗಳು ಜೋತಾಡುವುದನ್ನು ಕಂಡು ಅತ್ತೆಯವರಿಗೆ ಬೇರೆಯೇ ಅಂಜಿಕೆ. ಮುಂದಿನ ತಿಂಗಳು ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರೆ. ಹಿಂತಿರುಗುವಾಗ ಈ ಮರದ ಬೀಜ ಒಯ್ದು ತೋಟದ ಅಂಚಿನಲ್ಲಿ ಬೆಳೆಸುವ ಆಸೆ ಅವರಿಗೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿರುವ ಆತಂಕ ಒಂದೇ: ಈ ಮರ ಸಾಯುತ್ತಿದೆಯೇ, ಹಾಗಿದ್ದರೆ ಮನೆಗೆ ಇಷ್ಟು ಹತ್ತಿರ ಅದನ್ನು ಉಳಿಸಿಕೊಳ್ಳುವುದು ಸರಿಯೇ ಎಂಬುದು. ನೀವು ಕಳುಹಿಸಿದ ಚಿತ್ರಗಳ ಆಧಾರದ ಮೇಲೆ ಹೇಳುವುದಾದರೆ, ಮರ ಸಾಯುತ್ತಿಲ್ಲ. ಅದರ ಎಳೆಯ ಚಿಗುರಿಗೆ ರೋಗ ತಗುಲಿದೆ ಮತ್ತು ಅದು ಬಹುಮಟ್ಟಿಗೆ ಮರ್ಟಲ್ ತುಕ್ಕು, ಅಂದರೆ ನೇರಳೆ ಕುಟುಂಬದ ಗಿಡಗಳಿಗೆ ಬರುವ ಶಿಲೀಂಧ್ರ ರೋಗವೇ. ಆದರೆ ಮೇಲ್ಭಾಗದ ಬಲಿತ ಎಲೆಗಳು ದಟ್ಟವಾಗಿ, ಕಡುಹಸಿರಾಗಿ, ಅಡಿಬದಿಯಲ್ಲಿ ಈ ಮರಕ್ಕೆ ಸಹಜವಾದ ಬಿಳಿಯ ನವಿರಿನೊಂದಿಗೆ ಆರೋಗ್ಯವಾಗಿಯೇ ಇವೆ. ನನ್ನ ಅನುಭವದಲ್ಲಿ ಇಂಥ ದೊಡ್ಡ ಮರಗಳಿಗೆ ಈ ರೋಗಕ್ಕಿಂತ ಹೆಚ್ಚು ಹಾನಿ ಮಾಡುವುದು, ರೋಗಕ್ಕೆ ಹೆದರಿ ತಪ್ಪು ಕಾಲದಲ್ಲಿ ಹಿಡಿಯುವ ಗರಗಸ. ಇದು ಏಕೆ ಎಂದು ತಿಳಿದರೆ ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಪೋಹುಟುಕಾವ ಸೇರಿರುವುದು ಮೆಟ್ರೊಸಿಡೆರೋಸ್ ಎಂಬ ಕುಲಕ್ಕೆ. ಮರ, ಪೊದೆ, ಬಳ್ಳಿಗಳೆಲ್ಲ ಸೇರಿ ಸುಮಾರು 50ರಿಂದ 60 ಪ್ರಭೇದಗಳಿರುವ ಈ ಕುಲ ನ್ಯೂಜಿಲೆಂಡ್‌ನಿಂದ ನ್ಯೂ ಕ್ಯಾಲೆಡೋನಿಯ, ಸಮೋವ, ಟಹೀಟಿಗಳನ್ನು ಹಾದು ಹವಾಯಿಯವರೆಗೆ ಶಾಂತಸಾಗರದ ದ್ವೀಪಗಳಲ್ಲಿ ಹರಡಿದೆ. ಧೂಳಿನಷ್ಟು ಸಣ್ಣದಾದ ಇದರ ಬೀಜಗಳು ಗಾಳಿಯಲ್ಲಿ ಬಹುದೂರ ತೇಲಬಲ್ಲವು, ಮತ್ತು ಬೇರೆ ಮರಗಳು ಕಾಲಿಡಲಾಗದ ಹೊಸ ಲಾವಾ ಬಂಡೆಯ ಬಿರುಕಿನಲ್ಲಿಯೂ ಮೊಳೆಯಬಲ್ಲವು. ನಿಮ್ಮ ದಿಬ್ಬದ ಕಡೆಯಿಂದ ಕಾಣುವ ರಂಗಿಟೋಟೊ ದ್ವೀಪ ಸುಮಾರು 600 ವರ್ಷಗಳ ಹಿಂದೆ ಜ್ವಾಲಾಮುಖಿಯಾಗಿ ಎದ್ದದ್ದು. ಇಂದು ಜಗತ್ತಿನ ಅತಿ ದೊಡ್ಡ ಪೋಹುಟುಕಾವ ಕಾಡು ಇರುವುದು ಆ ಲಾವಾದ ಮೇಲೆಯೇ. ನ್ಯೂಜಿಲೆಂಡ್ ಒಂದರಲ್ಲೇ ಈ ಕುಲದ 12 ಪ್ರಭೇದಗಳಿವೆ. ಪೋಹುಟುಕಾವದ ಸ್ವಂತ ನೆಲೆ ನ್ಯೂ ಪ್ಲಿಮತ್‌ನಿಂದ ಗಿಸ್ಬೋರ್ನ್‌ಗೆ ಎಳೆದ ಗೆರೆಯ ಉತ್ತರದ ಕರಾವಳಿ. ಉಪ್ಪುಗಾಳಿ, ಬಂಡೆ, ಬರ ಇವನ್ನೆಲ್ಲ ಸಹಿಸುವ ಗಟ್ಟಿ ಮರ ಇದು. ಇದಕ್ಕೆ ಒಗ್ಗದ್ದು ಎಳವೆಯಲ್ಲಿ ಬೀಳುವ ಹಿಮ ಮತ್ತು ನೀರು ನಿಲ್ಲುವ ನೆಲ.

ಇಡೀ ಕುಲ ನಮ್ಮ ನೇರಳೆಯ ಕುಟುಂಬಕ್ಕೆ ಸೇರಿದ್ದು. ಸೀಬೆ, ಪನ್ನೇರಳೆ, ಲವಂಗ, ನೀಲಗಿರಿ, ಬೆಂಗಳೂರಿನ ಉದ್ಯಾನಗಳ ಬಾಟಲ್ ಬ್ರಷ್, ನಿಮ್ಮ ಬೀದಿಯ ಮನೆಗಳಲ್ಲಿ ಬೆಳೆಯುವ ಫೀಜೋವ, ಜೇನಿಗೆ ಹೆಸರಾದ ಮನುಕಾ ಎಲ್ಲವೂ ಇದರ ನೆಂಟರು. ಈ ನೆಂಟಸ್ತಿಕೆಯನ್ನು ನೆನಪಿನಲ್ಲಿಡಿ, ನಿಮ್ಮ ತಂದೆಯವರ ಬೀಜದ ಆಸೆಯ ವಿಷಯ ಬಂದಾಗ ಅದು ಬೇಕಾಗುತ್ತದೆ.

ಮೊದಲು ಹವಾಯಿಯ ಸುದ್ದಿಯನ್ನು ಬೇರ್ಪಡಿಸೋಣ. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಪ್ರಭೇದದ ಮರ, ಬೇರೆ ರೋಗ. ಹವಾಯಿಯ ಕಾಡುಗಳ ಮುಖ್ಯ ಮರವಾದ ಓಹಿಯ ಇದೇ ಕುಲದ್ದು. ಅಲ್ಲಿನ ದೊಡ್ಡ ದ್ವೀಪದ ಪುನ ಭಾಗದಲ್ಲಿ 2010ರ ಸುಮಾರಿಗೆ ಓಹಿಯ ಮರಗಳು ಇದ್ದಕ್ಕಿದ್ದಂತೆ ಕಂದಿ ಸಾಯುವುದು ಜನರ ಗಮನಕ್ಕೆ ಬಂತು. 2014ರಲ್ಲಿ ಅದಕ್ಕೆ ಸೆರಾಟೊಸಿಸ್ಟಿಸ್ ಎಂಬ ಶಿಲೀಂಧ್ರ ಕಾರಣವೆಂದು ಗೊತ್ತಾಯಿತು. 2018ರಲ್ಲಿ ಅದರಲ್ಲಿ ಎರಡು ಹೊಸ ಪ್ರಭೇದಗಳಿವೆಯೆಂದು ಗುರುತಿಸಿ ಹೆಸರಿಡಲಾಯಿತು. ತೊಗಟೆಯ ಗಾಯದ ಮೂಲಕ ಒಳಹೊಕ್ಕು, ನೀರು ಸಾಗಿಸುವ ಮರದ ಅಂಗಾಂಶದಲ್ಲಿ ಅದು ಬೆಳೆಯುತ್ತದೆ. ನೀರಿನ ಹಾದಿ ಕಟ್ಟಿಕೊಂಡಾಗ ಇಡೀ ಮರದ ಅಥವಾ ಇಡೀ ದೊಡ್ಡ ಕೊಂಬೆಯ ಎಲೆಗಳು ಒಮ್ಮೆಗೇ ಹಳದಿಯಾಗಿ, ಕಂದಾಗಿ, ಉದುರದೆ ಮರದಲ್ಲೇ ಒಣಗಿ ನಿಲ್ಲುತ್ತವೆ. ಅಲ್ಲಿ ಪುಡಿ ಕಾಣುವುದಿಲ್ಲ, ಚಿಗುರಿಗೂ ಬಲಿತ ಎಲೆಗೂ ವ್ಯತ್ಯಾಸ ಇರುವುದಿಲ್ಲ. ಬಲಿತ ಎಲೆಗಳನ್ನು ಹಾಗೆಯೇ ಬಿಟ್ಟು, ಚಿಗುರಿನ ಮೇಲೆ ಮಾತ್ರ ಹಳದಿ ಪುಡಿ ಎಬ್ಬಿಸುವ ನಿಮ್ಮ ಮರದ ರೋಗ ಅದಲ್ಲ.

ನಿಮ್ಮಲ್ಲಿರುವುದು ಆಸ್ಟ್ರೊಪಕ್ಸಿನಿಯ ಸಿಡಿಯೈ ಎಂಬ ತುಕ್ಕು ಶಿಲೀಂಧ್ರ. ಇದನ್ನು ಮೊದಲು ವರ್ಣಿಸಿದ್ದು 1884ರಲ್ಲಿ, ಬ್ರೆಜಿಲ್‌ನ ಸೀಬೆ ಗಿಡದ ಮೇಲೆ. ನೇರಳೆ ಕುಟುಂಬದ ಗಿಡಗಳನ್ನೇ ಹಿಡಿಯುತ್ತ ಅದು 2005ರಲ್ಲಿ ಹವಾಯಿಯಲ್ಲಿ, 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡಿತು. 2017ರಲ್ಲಿ ನ್ಯೂಜಿಲೆಂಡ್‌ಗೆ ಸೇರಿದ ದೂರದ ರಾವುಲ್ ದ್ವೀಪದಲ್ಲಿ ಪತ್ತೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರದ ಕೆರಿಕೆರಿಯ ಒಂದು ನರ್ಸರಿಯಲ್ಲಿ, ಪೋಹುಟುಕಾವ ಸಸಿಗಳ ಮೇಲೆ ಕಂಡಿತು. ಆಸ್ಟ್ರೇಲಿಯಾದಿಂದ ಗಾಳಿಯಲ್ಲಿ ಟಾಸ್ಮನ್ ಸಮುದ್ರ ದಾಟಿ ಬಂದಿರಬೇಕು ಎಂಬುದು ತಜ್ಞರ ಅಭಿಪ್ರಾಯ. ಒಂದು ವರ್ಷದ ತೀವ್ರ ಪ್ರಯತ್ನದ ಬಳಿಕ, 2018ರ ಏಪ್ರಿಲ್‌ನಲ್ಲಿ, ಇದನ್ನು ಪೂರ್ತಿ ನಿರ್ಮೂಲ ಮಾಡುವ ಯೋಜನೆಯನ್ನು ಸರ್ಕಾರ ಕೈಬಿಟ್ಟು, ಇದರೊಂದಿಗೆ ಬದುಕುವ ದಾರಿಗಳ ಕಡೆಗೆ ಹೊರಳಿತು. ಹೀಗಾಗಿ ನಿಮ್ಮ ಮರಕ್ಕೆ ರೋಗ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಅದರ ಬೀಜಕಣಗಳು ಈಗ ಆಕ್ಲೆಂಡ್‌ನ ಗಾಳಿಯಲ್ಲೇ ಇವೆ.

ಕೇಳಬೇಕಾದ ಪ್ರಶ್ನೆ, ಅದು ನಿಮ್ಮ ಮರದ ಆ ಕೆಲವು ಜಾಗಗಳಲ್ಲಿ ಮಾತ್ರ ಏಕೆ ನೆಲೆಯೂರಿತು ಎಂಬುದು. ಇಲ್ಲಿ ನಿಮ್ಮ ತಂದೆಯವರ ಕಣ್ಣು ಸರಿಯಾಗಿಯೇ ಗುರುತಿಸಿದೆ, ಇದು ತುಕ್ಕು ರೋಗವೇ ಹೌದು. ಆದರೆ ಕಾಫಿಯ ತುಕ್ಕಿಗೂ ಇದಕ್ಕೂ ನಡತೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಕಾಫಿಯ ತುಕ್ಕು ಎಲೆಯ ಅಡಿಬದಿಯ ಪತ್ರರಂಧ್ರಗಳ ಮೂಲಕ ಒಳಗೆ ಹೋಗುತ್ತದೆ, ಆದ್ದರಿಂದ ಬೆಳೆದ ಎಲೆಗಳನ್ನೂ ಹಿಡಿದು ಉದುರಿಸಿ ಗಿಡವನ್ನು ಬೋಳು ಮಾಡುತ್ತದೆ. ಮರ್ಟಲ್ ತುಕ್ಕು ಎಲೆಯ ಹೊರಪದರವನ್ನೇ ನೇರವಾಗಿ ತೂರಿಕೊಂಡು ಒಳಗಿಳಿಯುತ್ತದೆ. ಆ ಪದರ ಎಳೆಯದಾಗಿ, ತೆಳುವಾಗಿ ಇರುವಾಗ ಮಾತ್ರ ಅದಕ್ಕೆ ಇದು ಸಾಧ್ಯ. ಪೋಹುಟುಕಾವದ ಎಲೆ ಬಲಿತು ಚರ್ಮದಂತೆ ದಪ್ಪವಾದ ಮೇಲೆ ಈ ಶಿಲೀಂಧ್ರ ಅದನ್ನು ಏನೂ ಮಾಡಲಾರದು. ಎಳೆ ಎಲೆ, ಎಳೆ ಕಾಂಡ, ಹೂಮೊಗ್ಗು, ಎಳೆಗಾಯಿ, ಇವಷ್ಟೇ ಅದರ ಆಹಾರ. ಬೀಜಕಣ ಮೊಳೆಯಲು ಎಲೆಯ ಮೇಲೆ ಕೆಲವು ಗಂಟೆಗಳ ತೇವ, ಕತ್ತಲೆ ಮತ್ತು ಸುಮಾರು 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆಕ್ಲೆಂಡ್‌ನ ಬೇಸಿಗೆ ಮತ್ತು ಶರತ್ಕಾಲದ ರಾತ್ರಿಗಳು ಇದೆಲ್ಲವನ್ನೂ ಒದಗಿಸುತ್ತವೆ.

ಈಗ ಡಿಸೆಂಬರ್‌ನಲ್ಲಿ ಕೊಂಬೆ ಕಡಿದದ್ದರ ಪರಿಣಾಮವನ್ನು ನೋಡಿ. ಪೋಹುಟುಕಾವ ಗಾಯವಾದರೆ ಸುಮ್ಮನಿರುವ ಮರವಲ್ಲ. ತೊಗಟೆಯ ಅಡಿಯಲ್ಲಿ ಮಲಗಿರುವ ಮೊಗ್ಗುಗಳು ಎಚ್ಚೆತ್ತು, ಕಡಿದ ತುದಿಯ ಸುತ್ತ ಮೃದುವಾದ ಚಿಗುರಿನ ಗೊಂಚಲುಗಳನ್ನು ಹೊರಡಿಸುತ್ತವೆ. ಬೀಜಕಣಗಳು ಹೇರಳವಾಗಿರುವ, ರಾತ್ರಿಗಳು ಬೆಚ್ಚಗೂ ತೇವವಾಗಿಯೂ ಇರುವ ತಿಂಗಳುಗಳಲ್ಲಿ ಮರ ಇಷ್ಟೊಂದು ಎಳೆಯ ಅಂಗಾಂಶವನ್ನು ಹೊರಗೆ ಚಾಚುವಂತೆ ಮಾಡಿದ್ದು ಆ ಕಡಿತ. ಅದೂ ಹೂವಿನ ತಿಂಗಳು, ಇಡೀ ಕರಾವಳಿ ಕೆಂಪಾಗುವ ಕಾಲ. ಈಗ ರೋಗ ಹಿಡಿದ ಚಿಗುರನ್ನು ಕಂಡು ಮತ್ತೆ ಕತ್ತರಿಸಿದರೆ, ಇನ್ನಷ್ಟು ಹಿಂದಿನಿಂದ ಇನ್ನಷ್ಟು ಚಿಗುರು ಬರುತ್ತದೆ, ಅದಕ್ಕೂ ತುಕ್ಕು ತಗುಲುತ್ತದೆ. ಚಿಗುರಿಗೆ ಖರ್ಚಾಗುವುದು ಮರ ತನ್ನ ಕೊಂಬೆ ಬೇರುಗಳಲ್ಲಿ ಕೂಡಿಟ್ಟ ಪಿಷ್ಟ. ಎರಡು ಮೂರು ಬಾರಿ ಹೀಗೆ ಕಡಿಸಿಕೊಂಡು, ಪ್ರತಿ ಸಲವೂ ಚಿಗುರು ಕಳೆದುಕೊಂಡು, ಒಂದು ಬದಿ ಪೂರ್ತಿ ಬೋಳಾಗಿ ನಿಂತ ಮರಗಳನ್ನು ನಾನು ನೋಡಿದ್ದೇನೆ. ಅವುಗಳ ಮಾಲೀಕರೆಲ್ಲ ಮರಕ್ಕೆ ಒಳ್ಳೆಯದನ್ನು ಬಯಸಿಯೇ ಕಡಿಸಿದ್ದರು.

ಏನನ್ನಾದರೂ ಮಾಡುವ ಮೊದಲು ರೋಗವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಮರದಲ್ಲಿ ತುಕ್ಕಿನಂತೆ ತೋರುವ ಬೇರೆ ಸಂಗತಿಗಳೂ ಉಂಟು. ಸೈಲಿಡ್ ಎಂಬ ರಸ ಹೀರುವ ಸ್ಥಳೀಯ ಕೀಟ ಎಲೆಯ ಮೇಲೆ ಗುಳ್ಳೆಗಳಂಥ ಉಬ್ಬುಗಳನ್ನು ಮಾಡುತ್ತದೆ. ಅವು ಎಲೆಯ ಭಾಗವೇ, ಅವುಗಳಿಂದ ಪುಡಿ ಉದುರುವುದಿಲ್ಲ. ಸಣ್ಣದೊಂದು ಮೂತಿಹುಳು ಎಳೆ ಎಲೆಯನ್ನು ಒಳಗಿನಿಂದ ಕೊರೆದು ಕಂದು ಕಲೆಗಳನ್ನೂ ತೂತುಗಳನ್ನೂ ಉಳಿಸುತ್ತದೆ. ನಮ್ಮ ರೈತರು ರಂಗೋಲಿ ಹುಳು ಎನ್ನುವ ಬಗೆಯದೇ ಕೆಲಸ, ಮರಕ್ಕೆ ಅದರಿಂದ ಅಪಾಯವಿಲ್ಲ. ಚಳಿಗಾಲದ ಕೊನೆಗೆ ಪೈನ್ ಮರಗಳ ಪರಾಗ ಆಕ್ಲೆಂಡ್‌ನ ಕಾರು, ಕಿಟಕಿ, ಎಲೆ ಎಲ್ಲದರ ಮೇಲೂ ಹಳದಿಯಾಗಿ ಕೂರುತ್ತದೆ, ಬಲಿತ ಎಲೆ ಎಳೆ ಎಲೆ ಎಂಬ ಭೇದವಿಲ್ಲದೆ. ತುಕ್ಕಿನ ಪುಡಿ ಹಾಗಲ್ಲ. ಮೊದಲು ಎಳೆ ಎಲೆಯಲ್ಲಿ ಕೆಂಪು ಅಥವಾ ನೇರಳೆ ಅಂಚಿನ ಚುಕ್ಕೆ, ಅದು ಉಬ್ಬಿ ಒಡೆದು ಹೊಳಪಿನ ಹಳದಿ ಪುಡಿ, ಆಮೇಲೆ ಕಂದು ಅಥವಾ ಬೂದು ಬಣ್ಣ, ಕೊನೆಗೆ ಚಿಗುರಿನ ತುದಿ ಮುರುಟಿ ಒಣಗುವುದು, ಈ ಕ್ರಮದಲ್ಲಿ ಬರುತ್ತದೆ. ನಿಮ್ಮ ಚಿತ್ರಗಳಲ್ಲಿ ಈ ಎಲ್ಲ ಹಂತಗಳೂ ಕಾಣುತ್ತಿವೆ. ಆದರೂ ಎಲೆಯ ಎರಡೂ ಬದಿಗಳ ಸ್ಪಷ್ಟ ಚಿತ್ರ ತೆಗೆದು ಐನ್ಯಾಚುರಲಿಸ್ಟ್ ತಾಣಕ್ಕೆ ಸೇರಿಸಿ. ಅಲ್ಲಿ ಬಲ್ಲವರು ನೋಡಿ ಗುರುತಿಸುತ್ತಾರೆ, ರೋಗ ಎಲ್ಲೆಲ್ಲಿದೆ ಎಂಬ ಸಂಶೋಧಕರ ದಾಖಲೆಗೂ ಅದು ಸೇರುತ್ತದೆ. ಚಿತ್ರ ತೆಗೆಯುವಾಗ ಪುಡಿಯನ್ನು ಮುಟ್ಟಬೇಡಿ, ಕೊಂಬೆ ಅಲುಗಿಸಬೇಡಿ, ಮಾದರಿಯನ್ನು ಕಿತ್ತು ಊರೆಲ್ಲ ಒಯ್ಯಬೇಡಿ. ಈ ಪುಡಿಯಿಂದ ಮನುಷ್ಯರಿಗಾಗಲಿ ನಾಯಿ ಬೆಕ್ಕುಗಳಿಗಾಗಲಿ ರೋಗ ಬರುವುದಿಲ್ಲ, ಮುಟ್ಟಬಾರದೆನ್ನುವುದು ಬೇರೆ ಗಿಡಗಳ ಸಲುವಾಗಿ.

ಬಿಳಲುಗಳ ಬಗ್ಗೆ ನಿಮ್ಮ ಅತ್ತೆಯವರ ಅಂಜಿಕೆ ನನಗೆ ಅರ್ಥವಾಗುತ್ತದೆ. ನಮ್ಮ ಊರುಗಳಲ್ಲಿ ಆಲ, ಬಸರಿಗಳನ್ನು ಮನೆಗೆ ತಾಗಿ ಬೆಳೆಸುವುದಿಲ್ಲ, ಅದಕ್ಕೆ ಗೋಡೆ ಸೀಳುವ ಅವುಗಳ ಸ್ವಭಾವವೇ ಸಾಕಷ್ಟು ಕಾರಣ. ಆದರೆ ಪೋಹುಟುಕಾವದ ಕೆಂಗಂದು ಬಣ್ಣದ ಬಿಳಲುಗಳು ಬಹುತೇಕ ಗಾಳಿಯಲ್ಲೇ ಜೋತಾಡಿಕೊಂಡು ಉಳಿಯುತ್ತವೆ, ಆಲದಂತೆ ನೆಲಕ್ಕಿಳಿದು ಕಂಬವಾಗುವುದು ಅಪರೂಪ. ಅವು ಬೇರೊಂದು ಪರಾವಲಂಬಿಯ ಬೇರುಗಳಲ್ಲ, ರೋಗದ ಲಕ್ಷಣವೂ ಅಲ್ಲ. ಬೇರೆ ಮರದ ಮೇಲೆ ಮೊಳೆತು, ಬೇರಿಳಿಸಿ, ಆ ಮರವನ್ನೇ ಸುತ್ತುವರಿಯುವ ಪ್ರಭೇದವೊಂದು ಈ ಕುಲದಲ್ಲಿ ಇರುವುದು ನಿಜ, ಉತ್ತರದ ರಾತಾ ಎಂಬುದು ಅದು, ನಿಮ್ಮದು ಅದಲ್ಲ. ಅವರ ಮನಸ್ಸಿಗೆ ಸಮಾಧಾನ ಬೇಕಿದ್ದರೆ, ಈ ನೆಲದ ಮಾವೊರಿ ಜನರು ಪೋಹುಟುಕಾವವನ್ನು ಪೂಜ್ಯವಾಗಿ ಕಾಣುತ್ತಾರೆ ಎಂಬುದನ್ನು ಹೇಳಿ. ದೇಶದ ಉತ್ತರ ತುದಿಯ ಟೆ ರೆರೆಂಗ ವೈರುವದಲ್ಲಿ ಬಂಡೆಗೆ ಅಂಟಿ ನಿಂತ ಹಳೆಯ ಪೋಹುಟುಕಾವದ ಬೇರಿನ ಮೂಲಕವೇ ಗತಿಸಿದವರ ಆತ್ಮಗಳು ಪೂರ್ವಜರ ನಾಡಿಗೆ ಇಳಿದುಹೋಗುತ್ತವೆ ಎಂಬುದು ಅವರ ನಂಬಿಕೆ.

ಪೈಪ್ ಒಡೆಯುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಗಟ್ಟಿಯಾಗಿರುವ ಪೈಪನ್ನು ಬೇರು ಒಡೆದು ಒಳಹೋಗುವುದು ಅಪರೂಪ. ಕೀಲು ಸಡಿಲಿ ಅಥವಾ ಬಿರುಕು ಬಿಟ್ಟು ನೀರು ಒಸರುವಲ್ಲಿ ಅದು ತೇವವನ್ನು ಅರಸಿ ನುಗ್ಗುತ್ತದೆ. ಹಳೆಯ ಮನೆಗಳಲ್ಲಿ ಸುಟ್ಟಮಣ್ಣಿನ ಚರಂಡಿ ಪೈಪುಗಳು ಇರುವುದರಿಂದ ಒಮ್ಮೆ ಪ್ಲಂಬರ್ ಕರೆಸಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿಸಿ. ಬೇರು ಹೊಕ್ಕಿದ್ದರೆ ಆ ಭಾಗಕ್ಕೆ ಕೀಲಿಲ್ಲದ ಹೊಸ ಪೈಪ್ ಹಾಕಿಸುವುದು ಮರ ತೆಗೆಸುವುದಕ್ಕಿಂತ ಸಾಮಾನ್ಯವಾಗಿ ಅಗ್ಗ, ಮತ್ತು ಅದೇ ಸರಿಯಾದ ಪರಿಹಾರ. ಹಾಗೆ ಅಗೆಯುವಾಗ ಕಾಂಡದ ಹತ್ತಿರದ ದಪ್ಪ ಬೇರುಗಳನ್ನು ಮಾತ್ರ ಯಾರೂ ಕತ್ತರಿಸದಂತೆ ನೋಡಿಕೊಳ್ಳಿ. ಮರ ನಿಂತಿರುವುದು ಅವುಗಳ ಬಲದಿಂದ.

ಕಾನೂನಿನ ವಿಷಯದಲ್ಲಿ ನಿಮಗೆ ಹೇಳಿದ ಇಬ್ಬರೂ ಪೂರ್ತಿ ಸರಿಯಲ್ಲ. ಹಿಂದೆ ಆಕ್ಲೆಂಡ್‌ನಲ್ಲಿ ಒಂದು ಅಳತೆ ಮೀರಿದ ಮರಗಳಿಗೆಲ್ಲ ಸಾಮಾನ್ಯ ರಕ್ಷಣೆ ಇತ್ತು. 2009 ಮತ್ತು 2013ರ ಕಾಯ್ದೆ ತಿದ್ದುಪಡಿಗಳು ನಗರದ ಖಾಸಗಿ ನಿವೇಶನಗಳ ಮಟ್ಟಿಗೆ ಅದನ್ನು ತೆಗೆದುಹಾಕಿದವು. ಹಾಗೆಂದು ಎಲ್ಲ ಮರಗಳೂ ಮಾಲೀಕರ ಇಷ್ಟಕ್ಕೆ ಬಿಟ್ಟವಲ್ಲ. ಕೌನ್ಸಿಲ್‌ನ ಗಮನಾರ್ಹ ಮರಗಳ ಪಟ್ಟಿಯಲ್ಲಿ ನಿಮ್ಮ ಮರ ಇರಬಹುದು. ಜಾಗ ಮಹತ್ವದ ಪರಿಸರ ವಲಯಕ್ಕೆ ಸೇರಿರಬಹುದು. ಕಡಲ ಬಂಡೆಯಂಚಿನ ಸಸ್ಯಗಳಿಗೆ ಪ್ರತ್ಯೇಕ ನಿಯಮಗಳು ಅನ್ವಯಿಸಬಹುದು. ಅಥವಾ ಮನೆಯ ಹಕ್ಕುಪತ್ರದಲ್ಲಿಯೇ ಮರ ಉಳಿಸಬೇಕೆಂಬ ಷರತ್ತು ಇರಬಹುದು. ಕೊನೆಯದನ್ನು ಬಹಳ ಜನ ಓದಿಯೇ ಇರುವುದಿಲ್ಲ. ದಿಬ್ಬದ ಮೇಲಿನ ಮನೆಯಾದ್ದರಿಂದ ಕೊಂಬೆ ಮುಟ್ಟುವ ಮೊದಲು ಆಕ್ಲೆಂಡ್ ಕೌನ್ಸಿಲ್‌ಗೆ ವಿಳಾಸ ಕೊಟ್ಟು ಲಿಖಿತ ಉತ್ತರ ಪಡೆದುಕೊಳ್ಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನಾನು ಮೊದಲು ಸೂಚಿಸುವುದು ಚಳಿಗಾಲದವರೆಗೆ ಮರವನ್ನು ಅದರ ಪಾಡಿಗೆ ಬಿಡುವುದು. ಗೊಬ್ಬರವನ್ನೂ ಹಾಕಬೇಡಿ, ವಿಶೇಷವಾಗಿ ಸಾರಜನಕದ ಗೊಬ್ಬರ ಬೇಡ, ಅದು ಮತ್ತಷ್ಟು ಮೃದು ಚಿಗುರನ್ನು ಬರಿಸುತ್ತದೆ. ಹೀಗೆ ಬಿಡುವುದರಲ್ಲಿ ನಷ್ಟವೇ ಇಲ್ಲ ಎನ್ನಲಾರೆ: ಈಗಿನ ಚಿಗುರು ಬಹುಪಾಲು ಒಣಗುತ್ತದೆ, ಅದರಿಂದ ಗಾಳಿಗೆ ಇನ್ನಷ್ಟು ಬೀಜಕಣ ಸೇರುತ್ತದೆ, ಕಡಿದ ಬದಿ ಕೆಲವು ಕಾಲ ಅಂದಗೆಟ್ಟು ಕಾಣುತ್ತದೆ. ಆದರೆ ಬಲಿತ ಎಲೆಗಳು ಮರವನ್ನು ಪೋಷಿಸುತ್ತಲೇ ಇರುತ್ತವೆ, ಚಳಿ ಬಂದಂತೆ ರೋಗದ ವೇಗ ತಗ್ಗುತ್ತದೆ, ಬದುಕುಳಿದ ಚಿಗುರು ಬಲಿತು ರೋಗದ ಕೈಗೆ ಸಿಗದಂತಾಗುತ್ತದೆ.

ಎರಡನೆಯದು ಹದವರಿತ ಸವರುವಿಕೆ. ಸತ್ತ ಚಿಗುರನ್ನು, ಹಿಂದಿನ ಕಡಿತ ಉಳಿಸಿದ ಮೊಂಡು ತುದಿಗಳನ್ನು ಸರಿಪಡಿಸಬೇಕಾದರೆ ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ತಂಪು ಕಾಲದಲ್ಲಿ, ಹಳದಿ ಪುಡಿ ಕಾಣದಿರುವಾಗ, ತರಬೇತಿ ಪಡೆದ ಅರ್ಬರಿಸ್ಟ್ (ಮರಗಳ ಆರೈಕೆಯ ತಜ್ಞ) ಒಬ್ಬರಿಂದ ಮಾಡಿಸಿ. ಸಮುದ್ರ ಕಾಣಬೇಕೆಂದರೆ ಮರದ ತಲೆ ಕತ್ತರಿಸಬೇಕಿಲ್ಲ. ಕೆಳಗಿನ ಒಂದೆರಡು ಕೊಂಬೆಗಳನ್ನು ಅವು ಕಾಂಡಕ್ಕೆ ಸೇರುವ ಕೊರಳಿನಲ್ಲಿ ಸರಿಯಾಗಿ ತೆಗೆದರೆ ಎಲೆಗೊಡೆಯ ಅಡಿಯಿಂದ ನೋಟ ಸಿಗುತ್ತದೆ. ಹಾಗೆ ಮಾಡಿದರೂ ವಸಂತದಲ್ಲಿ ಒಂದಿಷ್ಟು ಹೊಸ ಚಿಗುರು ಬಂದೇ ಬರುತ್ತದೆ ಮತ್ತು ಅದರಲ್ಲಿ ಸ್ವಲ್ಪಕ್ಕೆ ತುಕ್ಕು ತಗುಲಬಹುದು, ಆದ್ದರಿಂದ ಒಂದೇ ವರ್ಷದಲ್ಲಿ ಹೆಚ್ಚು ತೆಗೆಯಬಾರದು. ಕತ್ತರಿಸಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿನಲ್ಲಿ ಇಟ್ಟು, ಆಮೇಲೆ ಕಸದ ಭೂಭರ್ತಿಗೆ ಕಳುಹಿಸಿ, ಇಲ್ಲವೇ ಆಳವಾಗಿ ಹೂಳಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಯುವ ಸಲಹೆ ಕಾಫಿ ತೋಟದಲ್ಲಿ ಸರಿಯಾದದ್ದು. ಶೇ 0.5ರ ಬೋರ್ಡೋವನ್ನು ಮುಂಗಾರಿಗೆ ಮುನ್ನ ಎಲೆಯ ಅಡಿಬದಿಗೆ ಸಿಂಪಡಿಸಿ ತೋಟ ಉಳಿಸಿಕೊಂಡ ತಲೆಮಾರುಗಳ ಅನುಭವ ನಿಮ್ಮ ತಂದೆಯವರ ಮಾತಿನ ಹಿಂದಿದೆ. ಆದರೆ ತಾಮ್ರದ ದ್ರಾವಣ ಎಲೆಯ ಮೇಲೆ ಕೂತು ಬೀಜಕಣ ಮೊಳೆಯದಂತೆ ತಡೆಯುತ್ತದೆಯೇ ಹೊರತು, ಒಳಹೊಕ್ಕ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಸಿಂಪಡಿಸಿದ ಮರುದಿನ ಬಿಚ್ಚಿಕೊಂಡ ಎಳೆ ಎಲೆಗೆ ಯಾವ ರಕ್ಷಣೆಯೂ ಇರುವುದಿಲ್ಲ, ಮತ್ತು ಈ ರೋಗ ಹಿಡಿಯುವುದು ಸರಿಯಾಗಿ ಅಂಥ ಎಲೆಯನ್ನೇ. ಗಿಡದ ಒಳಗೆ ಹರಡುವ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳು ಹೆಚ್ಚು ಪರಿಣಾಮಕಾರಿ, ನರ್ಸರಿಗಳಲ್ಲಿ ಅವುಗಳ ಬಳಕೆಯೂ ಇದೆ; ಆದರೆ ಅವನ್ನೂ ಮತ್ತೆ ಮತ್ತೆ ಹೊಡೆಯಬೇಕು. ಮಹಡಿ ಮನೆಗಿಂತ ಎತ್ತರದ ಮರಕ್ಕೆ, ಕಡಲಿನ ಪಕ್ಕದಲ್ಲಿ, ಅಕ್ಕಪಕ್ಕ ಮನೆಗಳಿರುವಾಗ, ಜೇನ್ನೊಣಗಳೂ ಟೂಯಿ ಹಕ್ಕಿಗಳೂ ಮಕರಂದಕ್ಕೆ ಬರುವ ಹೂವಿನ ಮರಕ್ಕೆ ವರ್ಷವರ್ಷವೂ ಸಿಂಪಡಿಸುವುದನ್ನು ನಾನು ಸೂಚಿಸಲಾರೆ. ಕುಂಡದಲ್ಲಿರುವ ಒಂದೆರಡು ಸಸಿಗಳಾದರೆ ಆ ಮಾತು ಬೇರೆ.

ಕೊನೆಯದು, ಮರವನ್ನು ಪೂರ್ತಿ ತೆಗೆಸುವುದು. ರೋಗದ ಕಾರಣಕ್ಕೆ ಇದನ್ನು ಮಾಡಿದರೆ ಬೀದಿಯ ಗಾಳಿಯಲ್ಲಿರುವ ರೋಗ ಕಡಿಮೆಯಾಗುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ನಿಮ್ಮ ದಿಬ್ಬ. ನಾರ್ತ್ ಶೋರ್‌ನ ಕಡಲಂಚುಗಳು ಮೆದು ಮರಳುಗಲ್ಲು ಮತ್ತು ಜೇಡಿಯ ಪದರಗಳಿಂದಾದವು. 2023ರ ಜನವರಿ 27ರ ಮಹಾಮಳೆಯಲ್ಲಿ ಆಕ್ಲೆಂಡ್‌ನ ಎಷ್ಟೋ ಇಳಿಜಾರುಗಳು ಕುಸಿದದ್ದನ್ನು ನೀವು ಕಂಡಿರುತ್ತೀರಿ ಅಥವಾ ಕೇಳಿರುತ್ತೀರಿ. ಬೇರುಗಳು ಮೇಲ್ಮಣ್ಣನ್ನು ಹಿಡಿದಿಡುತ್ತವೆ, ಎಲೆಗಳು ಮಣ್ಣಿನ ನೀರನ್ನು ಸೆಳೆದು ಆವಿಯಾಗಿಸುತ್ತವೆ. ಮರ ಕಡಿದ ದಿನ ಏನೂ ಆಗುವುದಿಲ್ಲ. ಕೆಲವು ವರ್ಷಗಳಲ್ಲಿ ಬೇರು ಕೊಳೆತು ಹಿಡಿತ ಬಿಟ್ಟ ಮೇಲೆ ಬರುವ ಜೋರು ಮಳೆ ಅಪಾಯದ್ದು. ಅಂಚಿಗೆ ತೀರ ಹತ್ತಿರದ ಭಾರೀ ಮರವೇ ಕುಸಿತಕ್ಕೆ ಕಾರಣವಾಗುವ ಸಂದರ್ಭಗಳೂ ಉಂಟಾದ್ದರಿಂದ, ಮರದ ಸುತ್ತ ನೆಲ ಬಿರುಕು ಬಿಟ್ಟಿದ್ದರೆ ಅಥವಾ ಕಾಂಡ ಇತ್ತೀಚೆಗೆ ವಾಲಿದ್ದರೆ ನೆಲದ ಸ್ಥಿರತೆ ಪರೀಕ್ಷಿಸುವ ಭೂತಾಂತ್ರಿಕ ಎಂಜಿನಿಯರ್ ಒಬ್ಬರು ನೋಡಲೇಬೇಕು. ಆ ನಿರ್ಧಾರಕ್ಕೆ ತುಕ್ಕು ರೋಗವನ್ನು ಕಾರಣವಾಗಿ ಸೇರಿಸಬೇಡಿ.

ಹಳೆಯ ಮರದ ವಿಷಯದಲ್ಲಿ ನಾನು ಇಷ್ಟು ಧೈರ್ಯ ಹೇಳುತ್ತಿರುವಾಗಲೂ ಈ ರೋಗ ಸಣ್ಣದಲ್ಲ. ದೊಡ್ಡ ಮರಕ್ಕೆ ಎಳೆಯ ಭಾಗ ಅದರ ಒಂದು ಅಂಶ ಮಾತ್ರ, ಆದರೆ ಈಗಷ್ಟೇ ಮೊಳೆತ ಸಸಿಗೆ ಇಡೀ ದೇಹವೇ ಎಳೆಯದು. ನರ್ಸರಿಯ ಟ್ರೇಗಳಲ್ಲಿ ಸಾಲುಸಾಲು ಸಸಿಗಳು ತುದಿಯಿಂದ ಬುಡದವರೆಗೆ ಒಣಗಿರುವುದನ್ನು ಕಂಡವರಿಗೆ ಇದು ಗೊತ್ತು. ದೊಡ್ಡ ಮರಗಳು ಹಸಿರಾಗಿ ನಿಂತಿದ್ದು, ಅವುಗಳ ಕೆಳಗೆ ಮುಂದಿನ ಪೀಳಿಗೆ ಏಳದೆ ಹೋಗುವುದು ನನ್ನ ನಿಜವಾದ ಚಿಂತೆ. ಇದೇ ಕುಲದ ಬಿಳಿ ಹೂವಿನ ರಾತಾ ಮೊಯೆಹಾವು ಎಂಬ ಮರ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 1975ರಲ್ಲಿ, ಉತ್ತರದ ತುದಿಯ ಕಾಡಿನಲ್ಲಿ. ಅಲ್ಲಿ ಉಳಿದಿರುವ ಬೆಳೆದ ಮರಗಳು 50ಕ್ಕಿಂತ ಕಡಿಮೆ. ಪೋಹುಟುಕಾವ ಕೂಡ ಒಮ್ಮೆ ಅಂಚಿಗೆ ಹೋಗಿ ಬಂದ ಮರ. ತುಪ್ಪಳಕ್ಕಾಗಿ 1837ರಿಂದ ಆಸ್ಟ್ರೇಲಿಯಾದಿಂದ ತಂದು ಬಿಟ್ಟ, ಮರವೇರುವ ಪ್ರಾಣಿಗಳಾದ ಪಾಸಮ್‌ಗಳು ಎಲೆ, ಮೊಗ್ಗುಗಳನ್ನು ತಿಂದು, ಜಾನುವಾರು ಸಸಿಗಳನ್ನು ಮೇಯ್ದು, ಜನ ಬೆಂಕಿ ಹಾಕಿ ನೆಲ ಬರಿದು ಮಾಡಿ, 1990ರ ವೇಳೆಗೆ ಕರಾವಳಿಯ ಪೋಹುಟುಕಾವ ತೋಪುಗಳಲ್ಲಿ ಶೇ 90ರಷ್ಟು ಅಳಿದಿದ್ದವು. ಆ ವರ್ಷ ಆರಂಭವಾದ ಪ್ರಾಜೆಕ್ಟ್ ಕ್ರಿಮ್ಸನ್ ಎಂಬ ಸಂಸ್ಥೆಯೂ ಊರೂರಿನ ಜನರೂ ಸಸಿ ನೆಟ್ಟು, ಪಾಸಮ್ ಹಿಡಿದು ಅದನ್ನು ಮತ್ತೆ ಎಬ್ಬಿಸಿದರು. ನಿಮ್ಮ ಮರದಲ್ಲಿ ಎಲೆಗಳು ಹರಿದು ತಿಂದಂತೆ ಕಂಡರೆ ಪಾಸಮ್ ಬರುತ್ತಿದೆಯೆಂದು ತಿಳಿದು ಕಾಂಡಕ್ಕೆ ಅಗಲದ ತಗಡಿನ ಪಟ್ಟಿ ಸುತ್ತಿಸಿ. ರೋಗಕ್ಕೆ ಚಿಗುರು ಕಳೆದುಕೊಳ್ಳುತ್ತಿರುವ ಮರ ಬಲಿತ ಎಲೆಗಳನ್ನೂ ಕಳೆದುಕೊಳ್ಳಬಾರದು. ಮರದ ಸುತ್ತ ತಾನಾಗಿ ಎದ್ದ ಸಸಿಗಳಿದ್ದರೆ, ರೋಗವಿಲ್ಲದವನ್ನು ಕೀಳದೆ ಉಳಿಸಿ.

ಬೀಜವನ್ನು ಮೂಡಿಗೆರೆಗೆ ಒಯ್ಯುವುದು ಮಾತ್ರ ಬೇಡ, ಈ ಒಂದು ವಿಷಯದಲ್ಲಿ ನಾನು ಯಾವ ಮಧ್ಯದ ದಾರಿಯನ್ನೂ ಹೇಳಲಾರೆ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ, ಕಡ್ಡಿ, ಸಸಿ ಯಾವುದನ್ನೂ ಪ್ರಯಾಣದ ಚೀಲದಲ್ಲಿ ತರುವಂತಿಲ್ಲ. ಕಾನೂನಿಗಿಂತ ದೊಡ್ಡ ಕಾರಣ ನಾನು ಮೊದಲು ಹೇಳಿದ ನೆಂಟಸ್ತಿಕೆ. ಮರ್ಟಲ್ ತುಕ್ಕು ಹವಾಯಿಯಲ್ಲಿ ಓಹಿಯಕ್ಕಿಂತ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಅಲ್ಲಿಗೆ ಏಷ್ಯಾದಿಂದ ಹೋಗಿದ್ದ ಪನ್ನೇರಳೆಯನ್ನು; ಬೆಟ್ಟಗಳ ತುಂಬ ಹರಡಿದ್ದ ಆ ಗಿಡಗಳು ಒಣಗಿ ನಿಂತವು. ಪಶ್ಚಿಮ ಘಟ್ಟದ ಶೋಲಾಗಳಲ್ಲೂ ಹೊಳೆದಂಡೆಗಳಲ್ಲೂ ನೇರಳೆಯ ಅನೇಕ ಪ್ರಭೇದಗಳಿವೆ, ನಿಮ್ಮ ಕಾಫಿಗೆ ನೆರಳು ಕೊಡುವ ಮರಗಳಲ್ಲೂ ಅವು ಸೇರಿರಬಹುದು. ಆ ಮರಗಳ ಚಿಗುರಿಗೆ ಇಂಥ ರೋಗವನ್ನು ಕೈಯಾರೆ ಒಯ್ದು ಕೊಡುವ ಸಾಧ್ಯತೆ ಎಷ್ಟೇ ಸಣ್ಣದಾದರೂ ಅದನ್ನು ಒಪ್ಪಲಾಗದು. ಇದಲ್ಲದೆ ಪೋಹುಟುಕಾವ ಸ್ವತಃ ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ ಸ್ಥಳೀಯ ಸಸ್ಯಗಳ ಜಾಗ ಕಬಳಿಸುವ ಕಳೆಮರವಾಗಿದೆ.

ತಂದೆಯವರು ಇಲ್ಲಿದ್ದಾಗ ಮರದ ಹತ್ತಿರ ಹೋಗುವುದಕ್ಕೆ ಅಡ್ಡಿಯಿಲ್ಲ, ತುಕ್ಕು ರೋಗ ಬಲ್ಲ ಅವರು ನೋಡಿ ನಿಮಗೆ ಹಂತಗಳನ್ನು ತೋರಿಸಿಕೊಡಲೂ ಬಹುದು. ಆದರೆ ತೋಟಕ್ಕೆ ನೇರವಾಗಿ ಹಿಂತಿರುಗುವವರು ಅವರು, ಬೀಜಕಣಗಳು ಬಟ್ಟೆಯ ಮೇಲೆ ವಾರಗಟ್ಟಲೆ ಜೀವಂತವಾಗಿ ಇರಬಲ್ಲವು. ಹೊರಡುವ ಮುನ್ನ ಹಿತ್ತಲಿನಲ್ಲಿ ಧರಿಸಿದ ಬಟ್ಟೆ, ಟೋಪಿಗಳನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಲಿ, ಶೂಗಳ ಮಣ್ಣು ತೆಗೆದು ಒರೆಸಲಿ, ತಲೆ ಸ್ನಾನ ಮಾಡಲಿ, ಇಲ್ಲಿ ಬಳಸಿದ ಕತ್ತರಿ, ಕೈಗವಸುಗಳನ್ನು ಇಲ್ಲಿಯೇ ಬಿಡಲಿ. ಅರ್ಬರಿಸ್ಟ್ ಅವರನ್ನು ಜೂನ್‌ಗೆ ಈಗಲೇ ಗೊತ್ತುಮಾಡಿ, ಚಳಿಗಾಲದಲ್ಲಿ ಅವರಿಗೆ ಬಿಡುವು ಸಿಗುವುದು ಕಷ್ಟ. ಅವರು ಬಂದು ನೋಡುವ ದಿನ ಕೌನ್ಸಿಲ್‌ನ ಉತ್ತರವೂ ಪೈಪ್ ಪರೀಕ್ಷೆಯ ವರದಿಯೂ ನಿಮ್ಮ ಕೈಯಲ್ಲಿರಲಿ.